ಮಾ ದಲ್ಸು ಒಂದೇ ಆಟಕ್ಕೆ ಬರೆದ ಎರಡು ವಿಮರ್ಶೆ

ಗುರೊ ಬಡಾವಣೆಯ ಗಾಜಿನ ಕಟ್ಟಡವೊಂದರಲ್ಲಿ ಫೋನಿನ ಆಟಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದಿದೆ. ಅದು ತನ್ನ ಕೆಲಸಗಾರರಿಗೆ ಮೂರು ತಿಂಗಳ ಸಂಬಳ ಕೊಡಬೇಕು. ಇದನ್ನು ಬರೆಯುವ ಹೊತ್ತಿಗೂ ಕೊಟ್ಟಿಲ್ಲ. ಆ ಬಾಕಿಗೂ, ಅದೇ ಕಟ್ಟಡದ ಮುಂದೆ ದಿನವೂ ಬಸ್ಸು ನಿಲ್ಲಿಸುವ ಮಾ ದಲ್ಸು ಎಂಬ ಡ್ರೈವರಿಗೂ ಏನು ಸಂಬಂಧ ಅಂದರೆ, ಅವನು ಬಿಡುವಿನಲ್ಲಿ ಫೋನಿನ ಆಟ ಆಡಿ, ಅದು ಹೇಗಿದೆ ಅಂತ ಬ್ಲಾಗಿನಲ್ಲಿ ಬರೆಯುತ್ತಾನೆ. ಅಷ್ಟೇ ಸಂಬಂಧ. ಅಷ್ಟು ಸಾಕಾಯಿತು.

ದಲ್ಸುವಿಗೆ ಐವತ್ತು ದಾಟಿದೆ. ರೈಲು ನಿಲ್ದಾಣದಿಂದ ಗರಿಬೊಂಗ್ ಗುಡ್ಡದ ಮೇಲಿನ ಕೇರಿಯವರೆಗೆ ಓಡುವ ಸಣ್ಣ ಹಸಿರು ಬಸ್ಸು ಅವನದು. ಗುಡ್ಡದ ತುದಿಯಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ ಮುಂದಿನ ಟ್ರಿಪ್ಪಿನವರೆಗೆ ಸ್ವಲ್ಪ ಪುರುಸೊತ್ತು. ಉಳಿದ ಡ್ರೈವರುಗಳು ಆ ಹೊತ್ತಿನಲ್ಲಿ ಸಿಗರೇಟು ಸೇದುತ್ತಾರೆ, ಮಷಿನ್ ಕಾಫಿ ಕುಡಿಯುತ್ತಾರೆ, ಡಿಪೊ ಮ್ಯಾನೇಜರನನ್ನು ಬೈಯುತ್ತಾರೆ. ದಲ್ಸು ಸಿಗರೇಟು ಬಿಟ್ಟಿದ್ದ. ಕೈಗೆ ಏನಾದರೂ ಬೇಕಲ್ಲ, ಆಟ ಆಡಲು ಶುರು ಮಾಡಿದ. ಆಡಿದ್ದನ್ನು ಯಾರಿಗಾದರೂ ಹೇಳಬೇಕಲ್ಲ, ಬರೆಯಲು ಶುರು ಮಾಡಿದ. ಬ್ಲಾಗಿಗೆ ‘ಮೂರನೇ ಗೇರು’ ಅಂತ ಹೆಸರಿಟ್ಟ. ತನ್ನ ಸ್ವಂತ ಹೆಸರನ್ನು ಎಲ್ಲೂ ಹಾಕಲಿಲ್ಲ. ಐವತ್ತು ದಾಟಿದ ಗಂಡಸು ಫೋನಿನಲ್ಲಿ ಮೊಸಳೆ ಆಟ ಆಡುತ್ತಾನೆ ಅಂತ ಡಿಪೊದಲ್ಲಿ ತಿಳಿದರೆ ನಿವೃತ್ತಿಯವರೆಗೂ ಅದನ್ನೇ ಕೇಳಬೇಕಾಗುತ್ತದೆ.

ಬರೆಯುವುದು ಅಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಬಗೆ. ಬಸ್ಸು ಎಲ್ಲಾದರೂ ತಾಗಿದರೆ, ಬ್ರೇಕು ಹಾಕಿದಾಗ ಅಜ್ಜಿಯೊಬ್ಬಳು ಮುಗ್ಗರಿಸಿ ದೂರು ಕೊಟ್ಟರೆ, ಡ್ರೈವರು ಡಿಪೊಗೆ ಹೇಳಿಕೆ ಬರೆದುಕೊಡಬೇಕು. ಎಲ್ಲಿ ಆಯಿತು, ರಸ್ತೆ ಹೇಗಿತ್ತು, ಯಾವಾಗಿನಿಂದ ಗಾಡಿ ಓಡಿಸುತ್ತಿದ್ದೆ, ಆ ಡ್ಯೂಟಿ ಹಾಕಿದವರು ಯಾರು, ಕೊನೆಗೆ ತಪ್ಪು ಯಾರದು. ಈ ಸಾಲುಗಳನ್ನು ಬಿಟ್ಟರೆ ಅವನು ಶಾಲೆಯ ನಂತರ ಇನ್ನೇನನ್ನೂ ಬರೆದವನಲ್ಲ. ಹಾಗಾಗಿ ಅವನ ವಿಮರ್ಶೆಗಳು ಹೀಗಿರುತ್ತಿದ್ದವು: “ಮೇಲ್ಕಂಡ ಆಟದಲ್ಲಿ ಆಟಗಾರನು ಸೇತುವೆಯ ಬಲಬದಿಯಲ್ಲಿ ಸಾಗುತ್ತಿರುವಾಗ ಮೊಸಳೆಯು ಯಾವುದೇ ಮುನ್ಸೂಚನೆ ನೀಡದೆ ಎದುರಾಗಿದ್ದು, ಆಟಗಾರನು ಮೃತಪಟ್ಟಿರುತ್ತಾನೆ. ಆಟಗಾರನ ವೇಗ ಮಿತಿಯಲ್ಲಿತ್ತು.” ಓದುವವರು ಎಲ್ಲೋ ಕೆಲವರು. ಅವರಲ್ಲೊಬ್ಬ, ಇದನ್ನು ಪೊಲೀಸರು ಬರೆಯುತ್ತಾರಾ ಅಂತ ಕೇಳಿದ್ದ. ದಲ್ಸು ಅವನಿಗೆ ಬಹುವಚನದಲ್ಲೇ, ಇಲ್ಲ ಎಂದು ಉತ್ತರ ಬರೆದ. ಎದುರಿನವರ ವಯಸ್ಸು ತಿಳಿಯುವ ತನಕ ಬಾಯಿ ಸಡಿಲ ಬಿಡಬಾರದು ಅಂತ ಬೆಳೆದವನು ಅವನು.

ಅವನ ಹೆಂಡತಿ ಸುನಿಮ್ ಗುಡ್ಡದ ಬುಡದ ಮಾರುಕಟ್ಟೆಯಲ್ಲಿ ಪಲ್ಯ, ಉಪ್ಪಿನ ಮೂಲಂಗಿ, ಹುರಿದ ಸಣ್ಣ ಮೀನು ಮಾರುವ ಅಂಗಡಿ ಇಟ್ಟಿದ್ದಾಳೆ. ಒಂದು ಬೆಳಿಗ್ಗೆ ಎಳ್ಳೆಣ್ಣೆಯ ಕೈಯಲ್ಲೇ ಗಂಡನ ಫೋನು ತೆಗೆದುಕೊಂಡು ವಿಮರ್ಶೆಯೊಂದನ್ನು ಓದಿದಳು. ಓದಿ ಮುಗಿಸಲಿಲ್ಲ.

“ಬೊರಮ್‌ನ ಅಪ್ಪಾ, ಇದು ಆಟದ್ ವಿಷ್ಯನೋ ಹೆಣದ್ ವಿಷ್ಯನೋ? ಮನೇಲಿ ಆಡ್ವಾಗ ಹೆಂಗ್ ಬೈತೀರೋ ಹಂಗೇ ಬರೀರಿ. ಹಂಗಾದ್ರೆ ನಾನೂ ಓದ್ತೀನಿ.”

ಆ ವಾರ ಅವನ ಕೈಯಲ್ಲಿದ್ದ ಆಟದಲ್ಲಿ ಒಬ್ಬ ಮುದುಕಿ ಕಲ್ಲಿದ್ದಲ ಬಿಲ್ಲೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಕೇರಿಯ ಮನೆಮನೆಗೆ ಮುಟ್ಟಿಸಬೇಕು. ನೆಲದಡಿಯಿಂದ ಮನೆ ಬೆಚ್ಚಗಿಡುವ ಒಲೆ ಆರಿ ನೆಲ ತಣ್ಣಗಾಗುವುದರೊಳಗೆ ಮುಟ್ಟಿಸದಿದ್ದರೆ ಆಟ ಮುಗಿಯಿತು. ದಲ್ಸುವಿಗೆ ಆ ಮುದುಕಿ ಹಿಡಿಸಿದ್ದಳು. ಆದರೆ ಐದನೇ ಓಣಿಯಲ್ಲಿ ಏಣಿಯೊಂದು ಗೋಡೆಯ ತುದಿಯನ್ನು ಮುಟ್ಟುತ್ತಿರಲಿಲ್ಲ. ಮುದುಕಿ ಹತ್ತುವುದು, ಕೈ ಚಾಚುವುದು, ಬಿಲ್ಲೆಗಳ ಸಮೇತ ಕೆಳಗೆ ಬೀಳುವುದು. ದಿನಗಟ್ಟಲೆ ಬಿದ್ದಳು. ಮುಂದಿನ ಬಿಡುವಿನಲ್ಲಿ ಅವನು ಸ್ಟೀರಿಂಗಿನ ಮೇಲೆ ಫೋನು ಇಟ್ಟುಕೊಂಡು, ಹೆಂಡತಿ ಹೇಳಿದ ಹಾಗೆ ಬರೆದ:

“ಲೇ, ಈ ಏಣಿ ಮಾಡಿದವ್ನೇ, ಕಣ್ಣು ಮಾರ್ಕೊಂಡು ಸೋಜು ಕುಡಿದ್ಯಾ? ನಮ್ಮಜ್ಜಿ ಇನ್ನೂ ಎಷ್ಟು ಸಲ ಬೀಳ್ಬೇಕು? ಕೋಸಿನ ಮಂಡಿ ತಿರುವಲ್ಲಿ ಹತ್ತಕ್ಕಾಗ್ದೆ ಹಿಂದಕ್ಕೆ ಜಾರೋ ನಮ್ಮ ಹಸ್ರು ಬಸ್ಸೇ ವಾಸಿ. ಇಂಥಾ ಕೆಲ್ಸಕ್ಕೂ ಸಂಬಳ ತಗೋತೀರಾ?”

ಸಂಜೆಯೊಳಗೆ ಅದನ್ನು ಓದದ ಆಟಗಾರ ಇರಲಿಲ್ಲ ಅನ್ನುವ ಹಾಗಾಯಿತು. ಜನ ನಕ್ಕರು, ಒಬ್ಬರಿಗೊಬ್ಬರು ಕಳಿಸಿದರು, ಮೂರನೇ ಗೇರಣ್ಣ ಇನ್ನೂ ಬೈಯಲಿ ಅಂತ ಬೇಡಿಕೆ ಇಟ್ಟರು. ಅಣ್ಣ ಬೈದ. ಮೀನು ಹಿಡಿಯುವ ಆಟವನ್ನು ಬೈದ, ರಾಜಕುಮಾರಿಯ ಮದುವೆಯ ಆಟವನ್ನು ಬೈದ. ಸುನಿಮ್ ಅವನ್ನು ಗಿರಾಕಿಗಳಿಗೆ ಓದಿ ಹೇಳಿ, ನಗುವವರಿಗೆ ಮೂಲಂಗಿಯನ್ನು ಒಂದು ಹಿಡಿ ಹೆಚ್ಚು ಹಾಕಿದಳು. ಬಸ್ಸಿನಲ್ಲಿ ಹಿಂದೆ ಕೂತವರು ಫೋನು ನೋಡಿ ನಕ್ಕರೆ ದಲ್ಸು ಕನ್ನಡಿಯಲ್ಲಿ ನೋಡಿ, ನನ್ನದೇ ಇರಬೇಕು ಅಂದುಕೊಳ್ಳುತ್ತಿದ್ದ. ಆಟದ ವಿಮರ್ಶೆ ಹೇಗಿರಬೇಕು ಅನ್ನುವ ಪ್ರಶ್ನೆ ಅವನ ಮಟ್ಟಿಗೆ ಇತ್ಯರ್ಥವಾಗಿತ್ತು.

ಗುಡ್ಡದ ಮೇಲೆ ಬಾಡಿಗೆ ಕೋಣೆಯಲ್ಲಿದ್ದ ಬಾನ್ ಸೊಲ್ಹೀ ಎಂಬ ಹೆಣ್ಣುಮಗಳು ದಿನವೂ ಅವನ ಬಸ್ಸು ಹತ್ತಿ ಗಾಜಿನ ಕಟ್ಟಡದ ಮುಂದೆ ಇಳಿಯುತ್ತಿದ್ದಳು. ಸಾಮಾನ್ಯವಾಗಿ ನಿದ್ದೆ ಮಾಡುತ್ತಲೇ ಬರುವವಳು. ಒಂದು ದಿನ ಬಸ್ಸು ಗುಡ್ಡದ ತುದಿಯಲ್ಲಿ ಖಾಲಿ ನಿಂತಿದ್ದಾಗ ಹತ್ತಿ ಬಂದು, ಮುಂದಿನ ಸೀಟಿನಲ್ಲಿ ಕೂತು ಕೇಳಿದಳು:

“ಡ್ರೈವರ್ ಸಾಹೇಬ್ರೆ, ಕೋಸಿನ ಮಂಡಿ ತಿರುವಲ್ಲಿ ಹಿಂದಕ್ಕೆ ಜಾರೋ ಹಸ್ರು ಬಸ್ಸು ಇದೊಂದೇ. ಮೂರನೇ ಗೇರು ಅಂದ್ರೆ ನೀವೇ ತಾನೆ?”

ದಲ್ಸು ಹೌದು ಅಂದ. ಹೊಗಳುತ್ತಾಳೆ ಅಂತ ಸ್ವಲ್ಪ ನೆಟ್ಟಗೆ ಕೂತ.

“ಆ ಏಣಿ ಮಾಡಿದೋಳು ನಾನು.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ನಡೆದದ್ದನ್ನು ಹೇಳಿದಳು. ಆಟ ಬಿಡುಗಡೆಯಾಗುವ ಮೊದಲೇ ಸಂಬಳ ನಿಂತಿತ್ತು. ಬಿಡುಗಡೆಯಾದ ಮೇಲೆ ಕೊಡುತ್ತೇನೆ ಅಂದಿದ್ದ ಯಜಮಾನ ಗುಕ್. ಬಿಡುಗಡೆಯಾದ ಮೇಲೆ ಎಲ್ಲರನ್ನೂ ಹಂದಿಮಾಂಸ ಸುಡುವ ಹೋಟೆಲಿಗೆ ಊಟಕ್ಕೆ ಕರೆದ. ಕರೆದರೆ ಹೋಗಬೇಕು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಅವನ ಲೋಟ ತುಂಬಿಸಬೇಕು. ಲೋಟ ತುಂಬಿದ ಮೇಲೆ ಅವನು ಫೋನು ತೆಗೆದು ದಲ್ಸುವಿನ ವಿಮರ್ಶೆಯನ್ನು ಗಟ್ಟಿಯಾಗಿ ಓದಿದ. ಯಜಮಾನ ನಕ್ಕಿದ್ದರಿಂದ ಅವರೂ ನಗಬೇಕಾಯಿತು. ಕೊನೆಯ ಸಾಲನ್ನು ಎರಡು ಸಲ ಓದಿ, ಇದು ನಾನು ಹೇಳುತ್ತಿರುವುದಲ್ಲ, ಗಿರಾಕಿ ಕೇಳುತ್ತಿದ್ದಾನೆ, ನಷ್ಟ ಎಷ್ಟು ಅಂತ ಲೆಕ್ಕವಾದ ಮೇಲೆ ಸಂಬಳದ ಮಾತು ಅಂದ. ಇವರು ಕಾರ್ಮಿಕ ಕಚೇರಿಗೆ ಹೋದರು. ಅಲ್ಲಿಗೂ ಗುಕ್ ಆ ವಿಮರ್ಶೆಯನ್ನು ಪ್ರಿಂಟು ತೆಗೆಸಿ ತಂದು ಮೇಜಿನ ಮೇಲಿಟ್ಟ. ಅಧಿಕಾರಿ ಅದನ್ನು ಓದಿ ನಕ್ಕು, ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡು ಬನ್ನಿ ಅಂದುಬಿಟ್ಟ.

“ಅಳಿಸ್ಬಿಡ್ತೀನಿ,” ಅಂದ ದಲ್ಸು.

“ಅಳಿಸ್ಬೇಡಿ. ಪ್ರಿಂಟು ಅವನತ್ರ ಇದೆ. ಈಗ ಅಳಿಸಿದ್ರೆ ನಾವು ಹೆದ್ರಿಸಿ ಅಳಿಸಿದ್ವಿ ಅಂತಾನೆ. ಇನ್ನೊಂದ್ ಬರೀರಿ. ಆ ಕಚೇರೀಲಿ ಓದೋ ಥರ ಬರೀರಿ.”

ಅಂದು ಊಟಕ್ಕೆ ಅಂಗಡಿಗೆ ಹೋದವನು ಹೆಂಡತಿಗೆ ಎಲ್ಲ ಹೇಳಿದ. ಸುನಿಮ್ ಕೋಸಿಗೆ ಮೆಣಸಿನ ಪುಡಿ ಹಚ್ಚುತ್ತಿದ್ದಳು. ಈ ಗಾಜಿನ ಕಟ್ಟಡಗಳು ಏಳುವ ಮೊದಲು ಅದೇ ಜಾಗದಲ್ಲಿ ಬಟ್ಟೆ ಕಾರ್ಖಾನೆಗಳಿದ್ದವು. ಮದುವೆಗೆ ಮುಂಚೆ ಅವಳು ಅಲ್ಲಿ ಹೊಲಿಗೆ ಯಂತ್ರ ತುಳಿದವಳು, ಗೇಟಿನ ಮುಂದೆ ಕೂತು ಪೊಲೀಸರ ಲಾಠಿ ತಿಂದವಳು.

“ಕೆಲ್ಸ ಸೊಟ್ಟ ಇದ್ರೂ ಕೂಲಿ ಕೂಲಿನೇ. ಹೊಲಿಗೆ ಸೊಟ್ಟ ಅಂತ ಸಂಬಳ ಹಿಡ್ದೋನ ಕಾಲರ್ ಹಿಡ್ದಿದ್ದೆ ನಾನು. ನೀವು ಹೋಗಿ ಅಂಥೋನ್ ಪರ ಸಾಕ್ಷಿ ಹೇಳಿದೀರಲ್ಲ.”

“ನೀನೇ ಅಲ್ವಾ ಬೈದು ಬರೀರಿ ಅಂದಿದ್ದು?”

“ಬೈರಿ ಅಂದೆ. ಕೂಲಿ ಮಾಡೋರ್ನ ಬೈರಿ ಅಂದ್ನಾ?”

ದಲ್ಸು ಅನ್ನಕ್ಕೆ ಸಾರು ಹಾಕಿಕೊಂಡ.

ಅವನಿಗೆ ಹಿಂಜರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಜೀವಮಾನದಲ್ಲಿ ಮೊದಲ ಸಲ ಅವನು ಬರೆದದ್ದಕ್ಕೆ ಜನ ಕಾದಿದ್ದರು. ಹಳೆಯ ಧಾಟಿಗೆ ಹೋದರೆ ಅವರು ಎದ್ದು ಹೋಗುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೈದೇ ಬರೆದು ಈ ಸಲ ಗುಕ್‌ನನ್ನು ಬೈದರೆ ಹೇಗೆ ಅಂತಲೂ ಯೋಚಿಸಿದ. ಆದರೆ ಬೈಗುಳವನ್ನು ಕಚೇರಿಯವನು ಓದಿ ನಗುತ್ತಾನೆ, ಪಕ್ಕಕ್ಕಿಡುತ್ತಾನೆ. ಒಮ್ಮೆ ಹಾಗೇ ಆಗಿದೆ. ಇನ್ನು ಏಣಿ ಮೊಟಕಾಗಿದ್ದದ್ದೂ ನಿಜ, ಅದನ್ನು ಮುಚ್ಚಿಡುವ ಹಾಗಿಲ್ಲ.

ರಜೆಯ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಆಟವನ್ನು ಮೊದಲಿನಿಂದ ಆಡಿದ. ಬರೆಯಲು ಹೊರಟಾಗ ರೂಢಿಯಂತೆ ಮೊದಲು ಬಂದ ಸಾಲು, ಯಾವಾಗಿನಿಂದ ಗಾಡಿ ಓಡಿಸುತ್ತಿದ್ದರು, ಡ್ಯೂಟಿ ಹಾಕಿದವರು ಯಾರು ಅನ್ನುವುದು. ಆಟಗಳ ಬಗ್ಗೆ ಇಷ್ಟೊಂದು ಬರೆದಿದ್ದರೂ ಆ ಸಾಲನ್ನು ಅವನು ಈ ತನಕ ತುಂಬಿಸಿಯೇ ಇರಲಿಲ್ಲ. ಆಟ ತಯಾರಿಸುವವರಿಗೂ ಡ್ಯೂಟಿ ಇರುತ್ತದೆ ಅಂತ ಹೊಳೆದಿರಲಿಲ್ಲ. ಸೊಲ್ಹೀಗೆ ಫೋನು ಮಾಡಿ ಕೇಳಿದ. ಮೊದಲ ನಾಲ್ಕು ಓಣಿಗಳನ್ನು ಸಮಯಕ್ಕೆ ಸರಿಯಾಗಿ, ಮನೆಗೆ ಹೋಗಿ ಮಲಗೆದ್ದು ಮಾಡಿದ್ದೆವು ಅಂದಳು. ಆಮೇಲೆ ಬಂಡವಾಳ ಹಾಕುವವರು ನೋಡಲು ಬರುತ್ತಾರೆ ಅಂತ ಗುಕ್ ಬಿಡುಗಡೆಯನ್ನು ಮೊದಲು ಹೇಳಿದ ದಿನಕ್ಕಿಂತ ಬೇಗ ಇಟ್ಟ. ಆಡಿ ಪರೀಕ್ಷಿಸುವ ಹುಡುಗನನ್ನು ಕೆಲಸದಿಂದ ತೆಗೆದ. ಜಾಹೀರಾತಿನ ಚಿತ್ರದಲ್ಲಿ ಗುಡ್ಡ ಗಿಡ್ಡ ಕಾಣುತ್ತದೆ, ಎತ್ತರ ಮಾಡಿ ಅಂದ. ಗುಡ್ಡ ಎತ್ತರವಾಯಿತು. ಏಣಿಗಳನ್ನು ಉದ್ದ ಮಾಡಲು ಒಂದು ದಿನ ಕೊಡಿ ಅಂದರೆ ಕೊಡಲಿಲ್ಲ.

ದಲ್ಸು ಬರೆದ:

“ಐದನೇ ಓಣಿಯಲ್ಲಿ ಏಣಿಯು ಗೋಡೆಯ ತುದಿಯನ್ನು ಮುಟ್ಟುವುದಿಲ್ಲ. ಏಣಿಯ ಉದ್ದ ಮೊದಲಿನಷ್ಟೇ ಇದೆ. ಗುಡ್ಡದ ಎತ್ತರವನ್ನು ಕಂಪನಿಯ ಮುಖ್ಯಸ್ಥ ಶ್ರೀ ಗುಕ್ ಅವರ ಆದೇಶದ ಮೇರೆಗೆ ಹೆಚ್ಚಿಸಲಾಗಿದ್ದು, ಏಣಿಗೆ ಸಮಯ ನೀಡಲಾಗಿರುವುದಿಲ್ಲ. ಏಣಿ ತಯಾರಿಸಿದವರು ಆ ಹೊತ್ತಿಗೆ ಹಿಂದಿನ ದಿನದಿಂದಲೂ ಕೆಲಸದಲ್ಲಿದ್ದರು. ಮುದುಕಿಯ ನಡಿಗೆ, ಬೆನ್ನಿನ ಹೊರೆ ವಾಲುವ ರೀತಿ, ಬಿಲ್ಲೆ ಮುಟ್ಟಿದ ಮನೆಯ ಕಿಟಕಿಯಲ್ಲಿ ದೀಪ ಹತ್ತುವುದು, ಇವು ಚೆನ್ನಾಗಿವೆ. ಇವನ್ನು ಮಾಡಿದವರು ಅದೇ ಕೆಲಸಗಾರರು. ತಪ್ಪು ಏಣಿಯದಲ್ಲ. ವಿಚಾರಿಸದೆ ಬೈದು ಬರೆದ ವಿಮರ್ಶಕನದೂ ತಪ್ಪಿದೆ.”

ಓದುಗರು ಬಂದರು, ಎರಡು ಸಾಲು ಓದಿದರು. ಅಣ್ಣನಿಗೆ ಮೈ ಸರಿಯಿಲ್ಲವಾ ಅಂತ ಒಬ್ಬ ಕೇಳಿದ. ಬ್ಲಾಗನ್ನು ಯಾರೋ ಕದ್ದಿದ್ದಾರೆ ಅಂತ ಇನ್ನೊಬ್ಬ ಖಚಿತವಾಗಿ ಹೇಳಿದ. ಕೊನೆಯವರೆಗೂ ಓದಿದವನು ಗುಕ್ ಒಬ್ಬನೇ ಇರಬೇಕು. ಮಾನ ಹೋಯಿತು ಅಂತ ಅವನು ಬ್ಲಾಗಿನ ತಾಣಕ್ಕೆ ದೂರು ಕೊಟ್ಟ. ಹಾಗೆ ದೂರು ಬಂದರೆ ಪುಟವನ್ನು ಮೂವತ್ತು ದಿನ ಮುಚ್ಚುವುದು ಅಲ್ಲಿಯ ಕ್ರಮ. ಮುಚ್ಚಿದರು.

ದಲ್ಸು ಫೋನನ್ನು ಮೇಲೆ ಕೆಳಗೆ ಮಾಡಿ ನೋಡಿದ. ಲೇ ಅಂದದ್ದು, ಕಣ್ಣು ಮಾರಿಕೊಂಡೆಯಾ ಅಂದದ್ದು, ಕುಡುಕ ಅಂದದ್ದು ಎಲ್ಲ ತೆರೆದೇ ಇತ್ತು. ಜನ ಓದಿ ಈಗಲೂ ನಗುತ್ತಿದ್ದರು. ಒಂದೂ ಕೆಟ್ಟ ಮಾತಿಲ್ಲದ, ಶ್ರೀ ಹಚ್ಚಿ ಬರೆದದ್ದಕ್ಕೆ ಬೀಗ ಬಿದ್ದಿತ್ತು.

“ಕೆಲ್ಸದೋಳಿಗೆ ಬೈದ್ರೆ ಯಾರ ಮಾನನೂ ಹೋಗಲ್ಲ,” ಅಂದಳು ಸುನಿಮ್. “ಡ್ಯೂಟಿ ಹಾಕ್ದೋನ ಹೆಸ್ರು ಬರೆದ್ರೆ ಹೋಗುತ್ತೆ.”

ಬೀಗ ಬೀಳುವ ಮೊದಲೇ ಸೊಲ್ಹೀ ಅದರ ಪ್ರಿಂಟು ತೆಗೆದಿಟ್ಟುಕೊಂಡಿದ್ದಳು. ಕಾರ್ಮಿಕ ಕಚೇರಿಯ ಅಧಿಕಾರಿ ಈ ಸಲ ನಗಲಿಲ್ಲ. ಇಂಥ ಭಾಷೆಯನ್ನೇ ಬೆಳಗಿನಿಂದ ಸಂಜೆಯವರೆಗೆ ಓದುವ ಮನುಷ್ಯ, ತನ್ನ ಮನೆಯವರ ಕಾಗದ ಓದಿದ ಹಾಗೆ ಕೊನೆಯವರೆಗೂ ಓದಿದ. ಬರೆದವರು ಹಿಂದೆ ಯಾವ ಇಲಾಖೆಯಲ್ಲಿದ್ದರು ಅಂತ ಮಾತ್ರ ಕೇಳಿದ. ಮೊದಲ ವಿಮರ್ಶೆಯನ್ನು ಗುಕ್‌ಗೆ ವಾಪಸು ಕೊಟ್ಟು, ಆಟ ಹೇಗಿದ್ದರೂ ಸಂಬಳ ಕೊಡಲೇಬೇಕು, ಯಾವತ್ತು ಕೊಡುತ್ತೀರಿ ಹೇಳಿ ಅಂದ. ಗುಕ್ ಒಂದು ದಿನ ಹೇಳಿದ. ಆ ದಿನ ಬಂತು, ಹೋಯಿತು. ಈಗ ಇನ್ನೊಂದು ದಿನ ಹೇಳಿದ್ದಾನೆ. ಅದೂ ತಪ್ಪಿದರೆ ವಿಷಯ ಪ್ರಾಸಿಕ್ಯೂಟರ್ ಕಚೇರಿಗೆ ಹೋಗುತ್ತದೆ.

ದಲ್ಸು ಈಗ ಹಳೆಯ ಧಾಟಿಯಲ್ಲೇ ಬರೆಯುತ್ತಾನೆ. ಆಟ ತಯಾರಿಸಿದವರಿಗೆ ಮೊದಲು ಕಾಗದ ಬರೆದು, ಯಾವಾಗಿನಿಂದ ಕೆಲಸದಲ್ಲಿದ್ದಿರಿ, ಅವಸರ ಮಾಡಿದವರು ಯಾರು ಅಂತ ಕೇಳುತ್ತಾನೆ. ಹೆಚ್ಚಿನವರು ಉತ್ತರ ಕೊಡುವುದಿಲ್ಲ. ಉತ್ತರ ಬಂದಿಲ್ಲ ಅಂತಲೂ ಬರೆಯುತ್ತಾನೆ. ನಗಲು ಬಂದಿದ್ದವರು ಬೇರೆ ಬ್ಲಾಗಿಗೆ ಹೋಗಿದ್ದಾರೆ. ಸುನಿಮ್ ಕೂಡ ಓದುವುದಿಲ್ಲ, ಆದರೆ ಯಾರ ಹೆಸರು ಬರೆದಿರಿ ಅಂತ ಕೇಳಿ ತಿಳಿದುಕೊಳ್ಳುತ್ತಾಳೆ.

ಇನ್ನು ನೀವು. ನಿಮ್ಮ ಫೋನಿನಲ್ಲೂ ಯಾವುದೋ ಆಟಕ್ಕೆ ಒಂದೇ ನಕ್ಷತ್ರ ಕೊಟ್ಟು, ಮಾಡಿದವರ ಕಣ್ಣನ್ನೋ ಬುದ್ಧಿಯನ್ನೋ ಬೈದು ಬರೆದ ಒಂದು ಸಾಲು ಇರುತ್ತದೆ. ಇವತ್ತೇ ತೆಗೆದು ಓದಿ. ಯಾರಿಗೆ ತಾಗಲಿ ಅಂತ ಬರೆದಿರಿ, ತಾಗಿದ್ದು ಯಾರಿಗೆ ಅಂತ ವಿಚಾರಿಸಿ. ಏಕವಚನವೋ ಬಹುವಚನವೋ ನಿಮ್ಮಿಷ್ಟ. ಅವಸರ ಮಾಡಿದವನ ಹೆಸರು ಪತ್ತೆ ಮಾಡಿ, ಅದನ್ನು ಅಲ್ಲಿ ಬರೆಯಿರಿ.