ಮಗ್ಗ ನಿಂತಾಗ

ದೊಡ್ಡಬಳ್ಳಾಪುರ, ಶನಿವಾರ, ರಾತ್ರಿ ಎರಡು ಗಂಟೆ. ಜಗಲಿಯ ಮೇಲೆ ನಾನು, ನಾದಿನಿ ಸರೋಜ, ಅವಳ ಗಂಡ.

ಬೆಳಿಗ್ಗೆ ಘಾಟಿಯ ದೇವಸ್ಥಾನಕ್ಕೆ ಹೋಗಬೇಕೆಂದು ಮೊದಲ ಬಾರಿಗೆ ಇವರ ಮನೆಯಲ್ಲಿ ರಾತ್ರಿ ತಂಗಿದ್ದೇನೆ. ಗೋಡೆಯಾಚೆ ನಾಲ್ಕು ವಿದ್ಯುತ್ ಮಗ್ಗಗಳು. ರೂಢಿಯಂತೆ ಒಂಬತ್ತೂವರೆಗೆ ಮಲಗುವಾಗ, ಈ ಸದ್ದಿನಲ್ಲಿ ಇವತ್ತೂ ನಿದ್ದೆಯಿಲ್ಲ ಎಂದುಕೊಂಡಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯ ನಿಶ್ಶಬ್ದದಲ್ಲೇ ಅದು ಸರಿಯಾಗಿ ಬಂದಿಲ್ಲ. ಆದರೆ ಮಲಗಿದೊಡನೆ ನಿದ್ದೆ ಹತ್ತಿತು. ಕರೆಂಟು ಹೋಗಿ ಮಗ್ಗಗಳು ನಿಂತಾಗಲೇ ಎಚ್ಚರ.

ಹೊರಗೆ ಬಂದರೆ ಇಡೀ ಬೀದಿಯೇ ಎದ್ದು ಕೂತಿದೆ. ಸದ್ದು ನಿಂತರೆ ಇಲ್ಲಿ ಕೂಸುಗಳೂ ಎದ್ದು ಅಳುತ್ತವಂತೆ.

“ಏನ್ ಭಾವ, ನಿಮ್ಗೂ ಎಚ್ಚರ ಆಗ್ಬಿಡ್ತಾ?” ಎಂದಳು ಸರೋಜ.

“ಆಯ್ತಮ್ಮ. ಅಲ್ಲೀವರ್ಗೂ ಒಳ್ಳೇ ನಿದ್ದೆ ಬಂದಿತ್ತು.”

“ಬರ್ದೆ ಇರತ್ತಾ? ನಮ್ಮಕ್ಕನ ಗೊರಕೆ ಮುಂದೆ ನಾಲ್ಕು ಮಗ್ಗ ಯಾವ ಲೆಕ್ಕ!”

ಮೂವರೂ ನಕ್ಕೆವು. ಬೀದಿಯವರೆಲ್ಲರ ಜೊತೆ ಕತ್ತಲಲ್ಲಿ ನಾನೂ ಆ ಸದ್ದಿಗಾಗಿ ಕಾದೆ.

ಕರೆಂಟು ಬಂತು. ಐದಕ್ಕೆ ಇಟ್ಟಿದ್ದ ಅಲಾರಂ ಮತ್ತೊಮ್ಮೆ ನೋಡಿದೆ. ಮಗ್ಗದ ಗೋಡೆಯ ಕಡೆ ಹೆಂಡತಿಗೆ ಜಾಗ ಬಿಟ್ಟು ಮಲಗಿದೆ.