ಎರಡು ಟ್ಯೂಬು, ಒಂದೇ ಚೋಕ್

ಗೆಳೆಯರೇ, ಇವತ್ತು ಸಿಂದಗಿಯ ರಿಪೇರಿ ಅಂಗಡಿಯಲ್ಲಿ ಬೈಸಿಕೊಂಡು ಬಂದೆ.

ರಿಪೇರಿಗೆ ಒಯ್ದದ್ದು ತೀರಿಹೋದ ಅಪ್ಪ ಕೈಯಾರೆ ಮಾಡಿಟ್ಟ ಮೀನಿನ ತೊಟ್ಟಿಯ ದೀಪ. ಹೋದ ತಿಂಗಳು ಅದರ ಎರಡು ಗಿಡ್ಡ ಟ್ಯೂಬುಗಳಲ್ಲಿ ಒಂದು ಸುಟ್ಟುಹೋಯಿತು, ಅದರೊಡನೆ ಇನ್ನೊಂದೂ ಆರಿತು. ಇದೆಂಥ ವೈರಿಂಗ್ ಎಂದು ಬೇಸತ್ತು, ಮೊಬೈಲಿನಲ್ಲಿ ವಿಡಿಯೊ ನೋಡಿ, ಉಳಿದ ಒಂದನ್ನೇ ಕರೆಂಟನ್ನು ಹದದಲ್ಲಿಡುವ ಚೋಕಿಗೆ ಜೋಡಿಸಿದೆ. ಝಗ್ಗನೆ ಉರಿಯಿತು. ವಾರದಲ್ಲಿ ಅದರ ತುದಿಗಳೂ ಕಪ್ಪಾದವು.

ಅಂಗಡಿಯ ಮೌಲಾಲಿ ಅಣ್ಣ ಮುಚ್ಚಳ ಬಿಚ್ಚಿ ನೋಡಿದರು. "ಅಕ್ಕಾರ, ಇದು ನಾಲ್ಕು ಫೂಟಿನ ಟ್ಯೂಬಿನ ಚೋಕ್. ಎರಡು ಫೂಟಿನವು ಎರಡು ಸೀರೀಸಿನಾಗ, ಒಂದರ ಹಿಂದ ಒಂದು ಹಾಕಿದ್ರ ಬರೋಬ್ಬರಿ ಆಗ್ತೈತಿ. ಒಂದಕ್ಕ ಕೊಟ್ರ ಸುಡದ ಏನ್ ಮಾಡ್ತೈತ್ರಿ? ಮೊದಲ ಮಾಡಿದಾಂವ ಭಾಳ ಶ್ಯಾಣ್ಯಾ. ಆಮ್ಯಾಲ ಯಾವ ಹುಚ್ಚಪ್ಪ ಕೈ ಹಾಕ್ಯಾನ್ರಿ?"

"ಮೊದಲ ಮಾಡಿದವರು ನಮ್ಮ ಅಪ್ಪಾರು," ಎಂದೆ. ಹುಚ್ಚಪ್ಪನ ಪ್ರಶ್ನೆ ಕೇಳಿಸದವಳಂತೆ ನಿಂತೆ.

"ಎಲ್‌ಇಡಿ ಹಾಕಿಬಿಡ್ಲೇನ್ರಿ?"

"ಬ್ಯಾಡ್ರಿ. ಮೊದಲಿದ್ದಂಗ ಮಾಡಿಕೊಡ್ರಿ."

ಚಿಕ್ಕವಳಿದ್ದಾಗ ಸಂಜೆ ಸ್ವಿಚ್ ಹಾಕಿದರೆ ಎರಡೂ ಟ್ಯೂಬು ಮಿಣಮಿಣ ಎನ್ನುತ್ತಿದ್ದವು. ನೆಟ್ಟಗೆ ಹತ್ತುವ ತನಕ ಅಪ್ಪ ಮೀನಿಗೆ ಕಾಳು ಹಾಕುತ್ತಿರಲಿಲ್ಲ. "ತಡಿಯವ್ವಾ, ಇನ್ನೂ ನಿದ್ದಿಗಣ್ಣಾಗ ಅದಾವ," ಎನ್ನುತ್ತಿದ್ದರು. ಸೀರೀಸ್ ಸರ್ಕಿಟ್ ಅನ್ನು ನಾನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಅಂಕ ತಂದವಳು. ಅದೇ ನಮ್ಮ ಪಡಸಾಲೆಯಲ್ಲಿ ಉರಿಯುತ್ತಿತ್ತು ಎಂಬುದನ್ನು ಅಪ್ಪನಿಂದ ಒಮ್ಮೆಯೂ ಕೇಳಿ ತಿಳಿಯಲಿಲ್ಲವೇಕೆ?

ಈ ಸಂಜೆ ಎರಡೂ ಟ್ಯೂಬು ಎದ್ದ ಮೇಲೆಯೇ ಕಾಳು ಹಾಕಿದೆ. ಆ ಹುಚ್ಚಪ್ಪ ಯಾರೆಂದು ಮೌಲಾಲಿ ಅಣ್ಣನಿಗೆ ಇನ್ನೂ ಗೊತ್ತಿಲ್ಲ. ಓದಿದವರು ದಯವಿಟ್ಟು ಹೇಳಬೇಡಿ.