ಚಿಕ್ಕತಾಯಕ್ಕನ ಹುಲ್ಲಿನ ಗಾಡಿ ಮತ್ತು ಹೆದ್ದಾರಿ

ಯಾರ ಮನೆಗೆ ಹೋದರೂ ಚಿಕ್ಕತಾಯಕ್ಕ ಮೊದಲು ನೋಡುತ್ತಿದ್ದುದು ಸೂರನ್ನು. ಹುಣಸೂರಿನ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಅಡುಗೆಮನೆಯ ಗ್ರಾನೈಟ್ ಸವರಿ ಹೊಗಳಿದರೆ, ಅವರು ಹಾಲ್‌ನ ನಡುವೆ ನಿಂತು ಫ್ಯಾನಿನತ್ತ ಕತ್ತೆತ್ತಿ, "ಎಲ್ಲಾ ಸರಿ ಕಣವ್ವ, ಎತ್ರ ಸಾಲ್ದು. ಒಂದ್ ಗಾಡಿ ಹುಲ್ಲು ಇಡಿಯಾಕಿಲ್ಲ" ಎಂದಿದ್ದರು.

ಹುಲ್ಲೇ ಅವರ ಅಳತೆಗೋಲು. ನಮ್ಮ ಮನೆಗೆ ಹಾಲು ಕೊಡುತ್ತಿದ್ದ ಅವರಿಗೆ ಊರಾಚೆ ಗದ್ದೆ, ಊರೊಳಗೆ ಕೊಟ್ಟಿಗೆ. ಕೊಯ್ಲು ಮುಗಿದ ಮೇಲೆ ಮಗ ಮಹದೇವ ಗಾಡಿ ಹೊಡೆದರೆ, ಅರವತ್ತು ದಾಟಿದ ತಾಯಿ ಹುಲ್ಲಿನ ನೆತ್ತಿಯ ಮೇಲೆ ಅಂಗಾತ ಮಲಗಿ ಬರುತ್ತಿದ್ದರು. ಕೊಂಬೆ ಅಡ್ಡ ಬಂದರೆ ಕೈಯಿಂದ ಎತ್ತಿ ಹಿಡಿದು "ನಡೀಲಾ" ಎನ್ನುವುದು ಅವರ ಕೆಲಸ.

ಆ ದಾರಿಗೇ ಅಡ್ಡಲಾಗಿ ಹೆದ್ದಾರಿ ಬಂತು. ಮೈಸೂರಿನ ಕಡೆಯಿಂದ ಹುಣಸೂರು, ಪಿರಿಯಾಪಟ್ಟಣದ ಹೊಲಗಳನ್ನು ಸೀಳಿಕೊಂಡು ಕೊಡಗಿನತ್ತ ಹೋಗುವ ರಸ್ತೆ. ಮಣ್ಣು ಸುರಿದು ಎಬ್ಬಿಸಿದ ಏರಿ, ಎರಡೂ ಬದಿಗೆ ಬೇಲಿ. ದನ, ಗಾಡಿ ಯಾವುದೂ ಹತ್ತುವಂತಿಲ್ಲ. ಊರಿನವರು ದಾಟಲು ಏರಿಯ ಹೊಟ್ಟೆಯಲ್ಲೊಂದು ಕಾಂಕ್ರೀಟಿನ ಅಂಡರ್‌ಪಾಸ್. ಅದಕ್ಕಿನ್ನೂ ಕಂಬಿ ಕಟ್ಟುತ್ತಿರುವಾಗಲೇ ಚಿಕ್ಕತಾಯಕ್ಕ ಕತ್ತೆತ್ತಿ ನೋಡಿ, ಸೀದಾ ನಮ್ಮ ಮನೆಗೆ ಬಂದರು.

"ಹುಲ್ಲಿನ ಗಾಡಿ ನುಗ್ಗಾಕಿಲ್ಲ ಕಣವ್ವ. ಮುಂದಿನೂರ್ ಗಂಟ ಸುತ್ತುದ್ರೆ ಎತ್ತು ಸೋತೋಯ್ತವೆ. ಆಮೇಲೆ ದನ ಮಾರ್ಕಂಡು ಸುಮ್ಕೆ ಕೂರ್‌ಬೇಕು. ನೀನು ಕಾನ್ವೆಂಟಲ್ಲಿ ಓದಿದ್ದೀಯೆ, ಬಾ, ಇಂಜಿನಿಯರ್‌ಗೆ ಯೋಳು."

ಇಂಜಿನಿಯರ್ ಕೇರಳದವನು, ಎಳೆ ಮೀಸೆಯ ಸಾಧು ಹುಡುಗ. ನಾನು "ಸರ್, ಪ್ಲೀಸ್, ತಪ್ಪು ತಿಳಿಯಬೇಡಿ" ಎಂದು ಶುರುಮಾಡುವಷ್ಟರಲ್ಲಿ ಪಕ್ಕೆಗೆ ತಿವಿತ ಬಿತ್ತು. "ಅದೇನವ್ವ, ಗಾಯಕ್ಕೆ ಮುಲಾಮು ಹಚ್ದಂಗೆ ಮಾತಾಡ್ತೀಯೆ? ಜೋರಾಗಿ ಯೋಳು!"

"ಅಮ್ಮಾ, ಗಾಡಿ ಹೋಗ್ತದೆ. ಪ್ಲಾನ್ ಎಲ್ಲ ನೋಡಿಯೇ ಮಾಡಿದ್ದು" ಎಂದ ಹುಡುಗ.

"ಓಯ್ತದಾ? ನಾಳೆ ಬೆಳಿಗ್ಗೆ ತತ್ತೀನಿ. ನೀನೇ ಕಣ್ಣಾರೆ ನೋಡು."

ಎಂದಿನ ಗಾಡಿ ತಂದಿದ್ದರೆ ಸಾಕಿತ್ತು. ಆದರೆ ತೋರಿಸುವ ಹುಮ್ಮಸ್ಸಿನಲ್ಲಿ ಅವರು ಬಣವೆಯ ಅರ್ಧವನ್ನೇ ಹೇರಿಸಿದ್ದರು. ಗಾಡಿ ಅಂಡರ್‌ಪಾಸಿನವರೆಗೆ ಬರಲೇ ಇಲ್ಲ. ಊರ ಬಾಗಿಲಿನ ಹುಣಸೆ ಕೊಂಬೆಗೆ ಸಿಕ್ಕಿ, ಹುಲ್ಲು ಜಾರಿ, ಅದರ ಜೊತೆಗೆ ಚಿಕ್ಕತಾಯಕ್ಕನೂ ಮೆತ್ತಗೆ ಚರಂಡಿಗಿಳಿದರು. ಹುಡುಗ ಓಡಿಬಂದು ಎಬ್ಬಿಸಿದ. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ, "ಅಮ್ಮಾ, ಈ ಮರದ ಪ್ಲಾನೂ ಸರಿ ಇಲ್ಲವಾ?" ಎಂದ. ಮಹದೇವ ಎತ್ತಿನ ಮರೆಗೆ ಹೋಗಿ ನಕ್ಕ.

ಚಿಕ್ಕತಾಯಕ್ಕ ಬಾಯಿಂದ ಹುಲ್ಲುಕಡ್ಡಿ ಉಗಿದರು. "ಮರ ಬುಡಪ್ಪ, ಕೈಲಿ ತಳ್ಳುದ್ರೆ ಮೇಲಕ್ಕೋಯ್ತದೆ. ಇವತ್ತು ನಂದೇ ದುರಾಸೆ. ನಿನ್ ಕಾಂಕ್ರೀಟ್ನ ಯಾರಪ್ಪ ತಳ್ಳಾರು?"

ಹುಡುಗನ ನಗು ನಿಂತಿತು. ಮಹದೇವನಿಂದ ಎಂದಿನಷ್ಟೇ ಹುಲ್ಲು ಹೇರಿಸಿ, ತಾನೇ ನಿಂತು ಅಳೆದ. ಮೇಲಿನವರನ್ನು ಕೇಳಿ ಬಂದ. ರಸ್ತೆಯನ್ನು ಏರಿಸುವಂತಿರಲಿಲ್ಲ, ಅಂಡರ್‌ಪಾಸಿನ ನೆಲವನ್ನೇ ಒಂದಿಷ್ಟು ಇಳಿಸಿದರು. ಮೊದಲ ಮಳೆಗೆ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. "ಎತ್ರ ಕೇಳುದ್ರೆ ಕಟ್ಟೆ ಕಟ್‌ಕೊಟ್ಟವ್ನೆ" ಎಂದು ಚಿಕ್ಕತಾಯಕ್ಕ ಅದರಲ್ಲೇ ಎಮ್ಮೆ ಇಳಿಸಿ ಮೈ ತೊಳೆದರು. ಹುಡುಗ ಪಕ್ಕದಲ್ಲಿ ನೀರು ಹೋಗಲು ಕಾಲುವೆ ತೋಡಿಸಿದ.

ಮುಂದಿನ ಕೊಯ್ಲಿಗೆ ನಾನೂ ನೋಡಲು ಹೋದೆ. ಗಾಡಿ ಒಳಗೆ ಹೊಕ್ಕಿತು. ಸರಸರ ಸದ್ದು, ಹುಲ್ಲು ಸೂರಿಗೆ ಉಜ್ಜುತ್ತಿತ್ತು.

"ಅಲ್ಲ ಅಕ್ಕ, ಅಷ್ಟು ತಗ್ಗಿಸಿಕೊಟ್ಟರೂ ತಾಗ್ತಿದೆಯಲ್ಲ?"

ಕತ್ತಲಿನಲ್ಲಿ, ಕಾಂಕ್ರೀಟಿಗೂ ಹುಲ್ಲಿಗೂ ನಡುವಿನಿಂದ ದನಿ ಬಂತು: "ಜಾಗ ಕೊಟ್ಟವ್ರಲ್ಲವ್ವ, ಖಾಲಿ ಬುಡಕ್ಕಾಯ್ತದಾ?" ಆಚೆ ಬೆಳಕಿಗೆ ಬಂದಾಗ ಮಲಗಿದ್ದಲ್ಲಿಂದಲೇ ನನಗೆ ಕೈ ಬೀಸಿದರು. ಮೂಗಿನ ಮೇಲೆಲ್ಲ ಸಿಮೆಂಟಿನ ಬೂದು.

ಹುಲ್ಲಿನ ಗಾಡಿಯ ಮೇಲೆ ನಾನು ಅವರನ್ನು ಕಡೆಯ ಸಲ ನೋಡಿದ್ದು ಹಾಗೆ. ಆ ಬೇಸಿಗೆಯಲ್ಲಿ, ಹಾಲು ಕರೆದು ಎದ್ದವರು ಕೊಟ್ಟಿಗೆಯಲ್ಲೇ ಕುಸಿದು ತೀರಿಕೊಂಡರಂತೆ.

ಮಹದೇವ ಈಗ ಯಂತ್ರ ಸುತ್ತಿಕೊಡುವ ಹುಲ್ಲಿನ ಸುರುಳಿಗಳನ್ನು ಟ್ರ್ಯಾಕ್ಟರಿನಲ್ಲಿ ತರುತ್ತಾನೆ. ಸೂರಿಗೆ ಏನೂ ತಾಗುವುದಿಲ್ಲ. ಒಳಗೆ ಹೋಗುವಲ್ಲಿ ಹೊರಚಾಚಿದ ಒಂದು ಕಂಬಿಯ ತುದಿಗೆ ಮಾತ್ರ ಒಂದು ಹಿಡಿ ಹಳೆಯ ಹುಲ್ಲು ಇನ್ನೂ ಸಿಕ್ಕಿಕೊಂಡಿದೆ. ನಮ್ಮ ಕಾರು ಅಲ್ಲಿಗೆ ಬಂದಾಗ ನಾನು ಗಾಜಿಳಿಸಿ ಕತ್ತು ಹೊರಹಾಕುತ್ತೇನೆ.

"ಏನು ನೋಡ್ತೀಯೆ?" ಎನ್ನುತ್ತಾರೆ ನಮ್ಮೆಜಮಾನರು.

"ಎತ್ತರ ಸಾಲದು" ಎನ್ನುತ್ತೇನೆ.